ಬಿಸಿ ತಾಳದ ಉಪಕರಣಕ್ಕೆ ಪ್ಲಾಸ್ಮಾ: ತೊಳೆದು ಒಣಗಿಸುವುದೇ ಅರ್ಧ ಕೆಲಸ

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ, ಹೊಟ್ಟೆಯೊಳಗೆ ಇಳಿಯುವ ದುರ್ಬೀನು, ಅದರ ಕ್ಯಾಮೆರಾ, ಕೇಬಲ್ಲು. ಇವೆಲ್ಲ ಹಬೆಯಿಂದ ಜೀವಾಣು ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಅಥವಾ 134 ಡಿಗ್ರಿ ಹಬೆಯನ್ನು ತಾಳುತ್ತವೆ ಅಂತ ಹೇಳುವ ಹಾಗಿಲ್ಲ. ಅದಕ್ಕೇ ಆಸ್ಪತ್ರೆಗಳಲ್ಲಿ ಪ್ಲಾಸ್ಮಾ ಯಂತ್ರ ಇರುತ್ತದೆ. ಇದು ಹೈಡ್ರೋಜನ್ ಪೆರಾಕ್ಸೈಡ್ ಆವಿ ಮತ್ತು ಪ್ಲಾಸ್ಮಾ (ವಿದ್ಯುದಾವೇಶದ ಅನಿಲ, ರಕ್ತದ ಪ್ಲಾಸ್ಮಾ ಅಲ್ಲ) ಬಳಸಿ ಜೀವಾಣು ಕೊಲ್ಲುತ್ತದೆ. ಅದರ ಬಿಸಿ 50 ಡಿಗ್ರಿ ಆಸುಪಾಸು ಅಷ್ಟೇ.

ಮೊದಲು ತೊಳೆಯಬೇಕು. ಕಿಣ್ವ ಇರುವ ಸೋಪಿನ ನೀರಲ್ಲಿ ನೆನೆಸಿ, ಚಿಮಟದ ಕೀಲನ್ನು ಬಿಡಿಸಿ, ಕೊಳವೆಯೊಳಗೆ ಬ್ರಷ್ ತೂರಿಸಿ ಉಜ್ಜಿ. ಕೀಲಿನ ಸಂದಿಯಲ್ಲಿ ಒಣಗಿದ ರಕ್ತ ಒಂದು ಚೂರು ಉಳಿದರೂ ಬ್ಯಾಕ್ಟೀರಿಯಾಗೆ ಅದೇ ಕೊಡೆ. ಪ್ಲಾಸ್ಮಾ ಮೇಲ್ಮೈಯಲ್ಲಿ ಕೆಲಸ ಮಾಡುತ್ತದೆ, ಕೊಳೆಯನ್ನು ತೂರಿಕೊಂಡು ಒಳಗೆ ಹೋಗುವುದಿಲ್ಲ.

ಆಮೇಲೆ ಒಣಗಿಸಿ. ಇಲ್ಲಿ ಅವಸರ ಬೇಡವೇ ಬೇಡ. ಸುಮ್ನೆ ಒರೆಸಿದರೆ ಸಾಲದು, ಕೊಳವೆಯೊಳಗೆ ಗಾಳಿ ಹಾಯಿಸಿ. ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿದು ನೋಡಿ, ತೇವದ ಗುರುತು ಬೀಳಬಾರದು. ಯಂತ್ರ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ; ನೀರು ಉಳಿದಿದ್ದರೆ ಆ ನಿರ್ವಾತದಲ್ಲಿ ಅದು ಆವಿಯಾಗುತ್ತಲೇ ಇರುತ್ತದೆ. ಒತ್ತಡ ಇಳಿಯುವುದಿಲ್ಲ, ಯಂತ್ರ ಅರ್ಧಕ್ಕೇ ನಿಂತುಬಿಡುತ್ತದೆ.

ಪ್ಯಾಕ್ ಮಾಡಲು ಟೈವೆಕ್‌ನಂಥ, ಪ್ಲಾಸ್ಟಿಕ್ ಎಳೆಗಳಿಂದ ಮಾಡಿದ ಚೀಲ ಬೇಕು. ಕಾಗದ, ಹತ್ತಿ ಬಟ್ಟೆ ಹೈಡ್ರೋಜನ್ ಪೆರಾಕ್ಸೈಡನ್ನು ಹೀರಿಕೊಳ್ಳುತ್ತವೆ. ಒಳಗೊಂದು ಸೂಚಕ ಪಟ್ಟಿ ಹಾಕಿ. ಚೀಲಗಳನ್ನು ಒತ್ತೊತ್ತಾಗಿ ತುರುಕಬೇಡಿ, ಗೋಡೆಗೆ ತಾಗಿಸಬೇಡಿ.

ಮುಂದಿನದು ಯಂತ್ರದ ಪಾಲು. ಗಾಳಿ ಹೊರಗೆ, ಪೆರಾಕ್ಸೈಡ್ ಆವಿ ಒಳಗೆ. ಜೀವಾಣುಗಳನ್ನು ಕೊಲ್ಲುವುದರಲ್ಲಿ ದೊಡ್ಡ ಪಾಲು ಈ ಆವಿಯದ್ದೇ. ನಂತರ ರೇಡಿಯೋ ತರಂಗದ ಶಕ್ತಿ ಕೊಟ್ಟಾಗ ಆವಿ ಒಡೆದು ಹೊಳೆಯುವ ಪ್ಲಾಸ್ಮಾ ಆಗುತ್ತದೆ. ಕೊನೆಗೆ ಉಳಿಯುವುದು ನೀರು, ಆಮ್ಲಜನಕ. ಜೀವಾಣು ಕೊಲ್ಲಲು ಎಥಿಲೀನ್ ಆಕ್ಸೈಡ್ ಅನಿಲ ಬಳಸಿದಾಗ ಅದು ಉಪಕರಣದಿಂದ ಬಿಟ್ಟುಹೋಗಲಿ ಅಂತ ಗಂಟೆಗಟ್ಟಲೆ ಕಾಯಬೇಕು. ಇಲ್ಲಿ ಆ ಕಾಟ ಇಲ್ಲ, ದೊಡ್ಡ ಅನುಕೂಲ ಅಲ್ವಾ? ಆದರೆ ಯಂತ್ರ ನಡುವೆ ನಿಂತಿದ್ದರೆ ಒಳಗಿನ ಚೀಲಗಳನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಉಳಿದ ಪೆರಾಕ್ಸೈಡ್ ತಾಗಿದರೆ ಬೆರಳ ತುದಿ ಬೆಳ್ಳಗಾಗಿ ಉರಿಯುತ್ತದೆ.

ಪಟ್ಟಿಯ ಬಣ್ಣ ಬದಲಾದರೆ ಆವಿ ಅಲ್ಲಿಗೆ ತಲುಪಿದೆ ಅಂತ ಮಾತ್ರ ಅರ್ಥ. ಜೀವಾಣು ಸತ್ತಿದೆಯೇ ಅಂತ ತಿಳಿಯಲು ಸುಲಭಕ್ಕೆ ಸಾಯದ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಬೀಜಕಗಳ ಪುಟ್ಟ ಶೀಶೆಯನ್ನೂ ಜೊತೆಗೇ ಇಡಬೇಕು. ಆಮೇಲೆ ಅದನ್ನು ಬೆಚ್ಚಗಿಟ್ಟು ಕಾಯಬೇಕು. ಅದರಲ್ಲಿ ಏನಾದರೂ ಬೆಳೆದರೆ ಆ ಸಲ ಹಾಕಿದ ಅಷ್ಟೂ ಚೀಲಗಳನ್ನು ವಾಪಸ್ ತರಿಸಿ, ಮತ್ತೆ ತೊಳೆಯುವುದರಿಂದಲೇ ಶುರು ಮಾಡಿ.