ಬಿಜಿಪಿ ರೂಟಿಂಗ್ ಪಾಲಿಸಿ: ಒಳಬರುವಾಗ ಗುರುತು ಹಾಕಿ, ಹೊರಹೋಗುವಾಗ ಗುರುತು ನೋಡಿ

ಎರಡು ಐಎಸ್‌ಪಿಗಳ ಜೊತೆ ಬಿಜಿಪಿ (ಜಾಲಗಳು ಪರಸ್ಪರ ರೂಟ್ ಹೇಳಿಕೊಳ್ಳುವ ಪ್ರೋಟೋಕಾಲ್) ಸೆಷನ್ ಇಟ್ಟುಕೊಂಡ ರೂಟರ್‌ಗೆ ಪಾಲಿಸಿ (ಯಾವ ರೂಟ್ ತೆಗೆದುಕೊಳ್ಳಬೇಕು, ಯಾವುದನ್ನು ಕೊಡಬೇಕು ಎಂಬ ನಿಯಮ) ಇಲ್ಲದಿದ್ದರೆ ಅದು ಒಬ್ಬರಿಂದ ಕಲಿತ ರೂಟ್‌ಗಳನ್ನು ಇನ್ನೊಬ್ಬರಿಗೆ ಹೇಳಿಬಿಡುತ್ತದೆ. ಆಗ ಎರಡು ದೊಡ್ಡ ಜಾಲಗಳ ನಡುವಿನ ಟ್ರಾಫಿಕ್ ನಿಮ್ಮ ಸಣ್ಣ ಲಿಂಕ್ ಮೇಲೆ ಬಂದು ಬೀಳುತ್ತದೆ. ರೂಟ್ ಲೀಕ್ ಎನ್ನುವುದು ಇದನ್ನೇ. ಪಾಲಿಸಿ ಇಲ್ಲದ ಇಬಿಜಿಪಿ (ಬೇರೆ ಬೇರೆ ಜಾಲಗಳ ನಡುವಿನ ಬಿಜಿಪಿ) ಸೆಷನ್‌ನಲ್ಲಿ ಯಾವ ರೂಟನ್ನೂ ತೆಗೆದುಕೊಳ್ಳಬಾರದು, ಕೊಡಲೂಬಾರದು ಎಂದು 2017ರ ಇಂಟರ್‌ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8212 ಹೇಳಿತು. ಸಿಸ್ಕೋದ ಐಒಎಸ್ ಎಕ್ಸ್‌ಆರ್ ಮತ್ತು ಮುಕ್ತ ರೂಟಿಂಗ್ ತಂತ್ರಾಂಶ ಎಫ್‌ಆರ್‌ಆರ್‌ನ ಈಚಿನ ಆವೃತ್ತಿಗಳು ಹಾಗೆಯೇ ನಡೆದುಕೊಳ್ಳುತ್ತವೆ. ಸಿಸ್ಕೋದ ಹಳೆಯ ಐಒಎಸ್ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಎಫ್‌ಆರ್‌ಆರ್‌ನಲ್ಲಿ ಸೆಷನ್ ಮೇಲಿದ್ದೂ ರೂಟ್ ಸಂಖ್ಯೆ ಬರಬೇಕಾದ ಕಡೆ ‘ಪಾಲಿಸಿ’ ಎಂಬ ಪದ ಕಂಡರೆ ಅದು ದೋಷವಲ್ಲ, ನೀವಿನ್ನೂ ಪಾಲಿಸಿ ಬರೆದಿಲ್ಲ ಎಂದಷ್ಟೇ ಅರ್ಥ.

ಈ ಲೇಖನದ ಉದಾಹರಣೆಯಲ್ಲಿ ನಮ್ಮ ಎಎಸ್ (ಬಿಜಿಪಿಯಲ್ಲಿ ಜಾಲದ ಗುರುತಿನ ಸಂಖ್ಯೆ) 64500, ನಮ್ಮ ಪ್ರೀಫಿಕ್ಸ್ (ಐಪಿ ವಿಳಾಸಗಳ ಗುಂಪು) 203.0.113.0/24. ಮುಖ್ಯ ಐಎಸ್‌ಪಿ 64501, ಬ್ಯಾಕಪ್ ಐಎಸ್‌ಪಿ 64502. ನಮ್ಮ ಕೆಳಗೆ ಒಬ್ಬ ಗ್ರಾಹಕ: ಎಎಸ್ 64510, ಪ್ರೀಫಿಕ್ಸ್ 198.51.100.0/24. ಕಮಾಂಡ್‌ಗಳು ಎಫ್‌ಆರ್‌ಆರ್ ಶೈಲಿಯವು. ಓದಲು ಉಚ್ಚಾರದಂತೆ ಕನ್ನಡದಲ್ಲಿವೆ, ರೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲು ಪ್ರೀಫಿಕ್ಸ್-ಲಿಸ್ಟ್

ಪ್ರೀಫಿಕ್ಸ್-ಲಿಸ್ಟ್ ಎಂದರೆ ರೂಟ್‌ನ ಪ್ರೀಫಿಕ್ಸ್ ಹೊಂದುತ್ತದೆಯೇ ಎಂದು ನೋಡುವ ಪಟ್ಟಿ. ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ‘ಪರ್ಮಿಟ್ 10.0.0.0/8’ ಎಂದು ಬರೆದರೆ ಆ ಒಂದು /8 ಮಾತ್ರ ಹೊಂದುತ್ತದೆ, ಅದರೊಳಗಿನ 10.1.0.0/16 ಹೊಂದುವುದಿಲ್ಲ. ಒಳಗಿನವೂ ಬೇಕಿದ್ದರೆ ಉದ್ದ ಹೇಳಬೇಕು: ‘10.0.0.0/8 ಎಲ್‌ಇ 32’ ಎಂದರೆ /8ರಿಂದ /32ರವರೆಗೆ ಎಲ್ಲವೂ, ‘0.0.0.0/0 ಜಿಇ 25’ ಎಂದರೆ /25 ಮತ್ತು ಅದಕ್ಕಿಂತ ಚಿಕ್ಕ ತುಂಡುಗಳೆಲ್ಲ. ಬರಿಯ ‘0.0.0.0/0’ ಡೀಫಾಲ್ಟ್ ರೂಟನ್ನು ಮಾತ್ರ ಹಿಡಿಯುತ್ತದೆ. ಎಲ್ಲ ರೂಟ್‌ಗಳಿಗೆ ‘0.0.0.0/0 ಎಲ್‌ಇ 32’ ಬೇಕು.

ಪಟ್ಟಿಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಡಿನೈ ಇರುತ್ತದೆ. ರೂಟ್-ಮ್ಯಾಪ್‌ನ (ಸಂಖ್ಯೆಯ ಕ್ರಮದಲ್ಲಿ ನಡೆಯುವ ನಿಯಮಗಳ ಸರಣಿಯ) ಕೊನೆಯಲ್ಲೂ ಇನ್ನೊಂದು ಇದೆ. ಆದರೆ ಎರಡರ ಅರ್ಥ ಬೇರೆ. ರೂಟ್-ಮ್ಯಾಪ್‌ನ ಒಳಗೆ ಬಳಸಿದ ಪ್ರೀಫಿಕ್ಸ್-ಲಿಸ್ಟ್ ಡಿನೈ ಎಂದರೆ ‘ಈ ರೂಟ್ ಹೊಂದಲಿಲ್ಲ, ಮುಂದಿನ ಸಂಖ್ಯೆಗೆ ಹೋಗು’ ಎಂದಷ್ಟೇ; ರೂಟ್ ಬಿದ್ದುಹೋಗುವುದಿಲ್ಲ. ಹಾಗಾಗಿ ಬೇಡದ ಪ್ರೀಫಿಕ್ಸ್‌ಗಳನ್ನು ಪಟ್ಟಿಯಲ್ಲಿ ಪರ್ಮಿಟ್ ಎಂದೇ ಬರೆದು, ಬೀಳಿಸುವ ಕೆಲಸವನ್ನು ರೂಟ್-ಮ್ಯಾಪ್‌ನ ಡಿನೈಗೆ ಬಿಡಬೇಕು. ಎರಡೂ ಕಡೆ ಡಿನೈ ಬರೆದವರ ಫಿಲ್ಟರ್ ಸದ್ದಿಲ್ಲದೆ ಎಲ್ಲವನ್ನೂ ಒಳಗೆ ಬಿಡುತ್ತಿರುತ್ತದೆ.

ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಪರಿಣಾಮ ದೊಡ್ಡದು. ಇಲ್ಲದ ಪಟ್ಟಿಯನ್ನು ರೂಟ್-ಮ್ಯಾಪ್ ಕರೆದರೆ ಸಿಸ್ಕೋ ಐಒಎಸ್ ಎಲ್ಲವೂ ಹೊಂದಿತೆಂದು ಭಾವಿಸುತ್ತದೆ, ಎಫ್‌ಆರ್‌ಆರ್ ಯಾವುದೂ ಹೊಂದಲಿಲ್ಲ ಎನ್ನುತ್ತದೆ. ಪಟ್ಟಿ ಮೊದಲು, ರೂಟ್-ಮ್ಯಾಪ್ ಆಮೇಲೆ, ನೆರೆಯ ರೂಟರ್‌ಗೆ ಜೋಡಿಸುವುದು ಕೊನೆಗೆ. ಈ ಕ್ರಮ ಬಿಡಬೇಡಿ.

ಗ್ರಾಹಕರಿಂದ ಬರುವ ರೂಟ್‌ಗಳು

2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬ್‌ನ 208.65.152.0/22ರ ಒಳಗಿನ 208.65.153.0/24 ತನ್ನದೆಂದು ಘೋಷಿಸಿತು. ಮೇಲಿನ ಐಎಸ್‌ಪಿ ಅದನ್ನು ತಡೆಯದೆ ದಾಟಿಸಿತು. ಉದ್ದನೆಯ ಪ್ರೀಫಿಕ್ಸ್ ಯಾವಾಗಲೂ ಗೆಲ್ಲುವುದರಿಂದ ಜಗತ್ತಿನ ಯೂಟ್ಯೂಬ್ ಟ್ರಾಫಿಕ್ ಅತ್ತ ತಿರುಗಿತು. ಗ್ರಾಹಕರ ಸೆಷನ್ ಮೇಲೆ ಒಂದು ಬಿಗಿಯಾದ ಪ್ರೀಫಿಕ್ಸ್-ಲಿಸ್ಟ್ ಇದ್ದಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. ಬೇಡದ್ದರ ಪಟ್ಟಿ ಇಲ್ಲಿ ಸಾಲದು, ಗ್ರಾಹಕರ ಹೆಸರಿನಲ್ಲಿ ನೋಂದಣಿಯಾದ ಪ್ರೀಫಿಕ್ಸ್‌ಗಳನ್ನಷ್ಟೇ ಒಪ್ಪಬೇಕು:

ಐಪಿ ಪ್ರೀಫಿಕ್ಸ್-ಲಿಸ್ಟ್ ಗ್ರಾಹಕ ಸೀಕ್ 5 ಪರ್ಮಿಟ್ 198.51.100.0/24
ಬಿಜಿಪಿ ಎಎಸ್-ಪಾತ್ ಆಕ್ಸೆಸ್-ಲಿಸ್ಟ್ ಗ್ರಾಹಕ-ಪಥ ಪರ್ಮಿಟ್ ^64510(_64510)*$
ರೂಟ್-ಮ್ಯಾಪ್ ಗ್ರಾಹಕ-ಒಳಗೆ ಪರ್ಮಿಟ್ 10
 ಮ್ಯಾಚ್ ಐಪಿ ಅಡ್ರೆಸ್ ಪ್ರೀಫಿಕ್ಸ್-ಲಿಸ್ಟ್ ಗ್ರಾಹಕ
 ಮ್ಯಾಚ್ ಎಎಸ್-ಪಾತ್ ಗ್ರಾಹಕ-ಪಥ
 ಸೆಟ್ ಕಮ್ಯುನಿಟಿ 64500:100
 ಸೆಟ್ ಲೋಕಲ್-ಪ್ರಿಫರೆನ್ಸ್ 200

ಎರಡು ಬೇರೆ ಬೇರೆ ಮ್ಯಾಚ್ ಸಾಲುಗಳಿದ್ದರೆ ಎರಡೂ ಹೊಂದಬೇಕು. ಪಥದ (ರೂಟ್ ದಾಟಿಬಂದ ಎಎಸ್‌ಗಳ ಸಾಲಿನ) ಆ ವಿಚಿತ್ರ ರೂಪ, ಗ್ರಾಹಕರು ತಮ್ಮ ಎಎಸ್ ಸಂಖ್ಯೆಯನ್ನು ಹಲವು ಬಾರಿ ಸೇರಿಸಿ ಕಳಿಸಿದರೂ ಒಪ್ಪುತ್ತದೆ, ನಡುವೆ ಬೇರೆಯವರ ಸಂಖ್ಯೆ ನುಸುಳಿದರೆ ಒಪ್ಪುವುದಿಲ್ಲ. ಕಮ್ಯುನಿಟಿ ಎಂದರೆ ರೂಟ್‌ಗೆ ಅಂಟಿಸುವ ಗುರುತು. ಸೆಟ್ ಕಮ್ಯುನಿಟಿಯ ಕೊನೆಗೆ ‘ಅಡಿಟಿವ್’ ಇಲ್ಲದಿರುವುದು ಉದ್ದೇಶಪೂರ್ವಕ. ಅದಿಲ್ಲದಿದ್ದರೆ ಹಳೆಯ ಕಮ್ಯುನಿಟಿಗಳೆಲ್ಲ ಅಳಿಸಿ ಹೊಸದೊಂದೇ ಉಳಿಯುತ್ತದೆ, ಹೊರಗಿನವರು ನಮ್ಮ ಗುರುತನ್ನು ತಾವೇ ಅಂಟಿಸಿಕೊಂಡು ಬರಲಾಗದು. ಬ್ಲ್ಯಾಕ್‌ಹೋಲ್‌ನ (ಆ ವಿಳಾಸದ ಟ್ರಾಫಿಕ್ ಎಸೆದುಬಿಡಿ ಎಂಬ ಕೋರಿಕೆಯ) 65535:666ರಂಥದ್ದನ್ನು ಗ್ರಾಹಕರಿಂದ ಸ್ವೀಕರಿಸಬೇಕಾದ ಜಾಲಗಳು ಎಲ್ಲವನ್ನೂ ಅಳಿಸುವಂತಿಲ್ಲ; ಅವು 64500ರಿಂದ ಶುರುವಾಗುವವನ್ನಷ್ಟೇ ಕಮ್ಯುನಿಟಿ-ಲಿಸ್ಟ್ ಮೂಲಕ ಅಳಿಸಬೇಕು.

ಈ ಸೆಷನ್‌ಗೆ ಮ್ಯಾಕ್ಸಿಮಮ್-ಪ್ರೀಫಿಕ್ಸ್ ಮಿತಿಯನ್ನೂ ಹಾಕಿ. ಒಂದೇ ಪ್ರೀಫಿಕ್ಸ್ ಇರುವವರಿಗೆ 10 ಸಾಕು. ಮಿತಿ ದಾಟಿದರೆ ಸೆಷನ್ ಬೀಳುತ್ತದೆ, ಬೀಳಲೇಬೇಕು.

ಐಎಸ್‌ಪಿಯಿಂದ ಬರುವ ರೂಟ್‌ಗಳು

ಇಲ್ಲಿ ತಿರುಗುಮುರುಗು: ಬೇಡದ್ದನ್ನು ಬೀಳಿಸಿ ಉಳಿದದ್ದನ್ನು ಬಿಡಬೇಕು. ಸಂಖ್ಯೆ 10ರಲ್ಲಿ ಬೋಗನ್‌ಗಳಿಗೆ (ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಬರಬಾರದ ವಿಳಾಸಗಳಿಗೆ) ಡಿನೈ: 0.0.0.0/8, 10.0.0.0/8, 100.64.0.0/10, 127.0.0.0/8, 169.254.0.0/16, 172.16.0.0/12, 192.168.0.0/16, 198.18.0.0/15, 224.0.0.0/4, 240.0.0.0/4, ಪ್ರತಿಯೊಂದಕ್ಕೂ ‘ಎಲ್‌ಇ 32’ ಸೇರಿಸಿ. (ನಿಜವಾದ ಜಾಲದಲ್ಲಿ ನಮ್ಮ ಉದಾಹರಣೆಯ ವಿಳಾಸಗಳೂ ಈ ಪಟ್ಟಿಗೇ ಸೇರುತ್ತವೆ, ಅವು ದಾಖಲೆಗಳಲ್ಲಿ ಬಳಸಲೆಂದೇ ಮೀಸಲಾದವು.) ಸಂಖ್ಯೆ 20ರಲ್ಲಿ ನಮ್ಮದೇ 203.0.113.0/24 ಹೊರಗಿನಿಂದ ಬಂದರೆ ಡಿನೈ. 30ರಲ್ಲಿ /24ಕ್ಕಿಂತ ಉದ್ದನೆಯವು. ಐಪಿವಿ6ರಲ್ಲಿ ಈ ಮಿತಿ /48. 40ರಲ್ಲಿ ಆರ್‌ಪಿಕೆಐ (ಪ್ರೀಫಿಕ್ಸ್ ಯಾರದೆಂದು ಡಿಜಿಟಲ್ ಸಹಿಯಿಂದ ಪರಿಶೀಲಿಸುವ ವ್ಯವಸ್ಥೆ) ಇನ್‌ವ್ಯಾಲಿಡ್ ಎಂದು ಹೇಳಿದವು. ‘ನಾಟ್-ಫೌಂಡ್’ ಆದವನ್ನು ಬೀಳಿಸಬೇಡಿ. ಸಹಿ ಮಾಡಿಸದ ಪ್ರೀಫಿಕ್ಸ್‌ಗಳು ಇಂದಿಗೂ ಧಾರಾಳವಾಗಿವೆ, ಅವನ್ನೂ ಬೀಳಿಸಿದರೆ ನಿಮ್ಮವರಿಗೆ ಅರ್ಧಂಬರ್ಧ ಇಂಟರ್‌ನೆಟ್ ಸಿಗುತ್ತದೆ.

ಕೊನೆಗೆ ಸಂಖ್ಯೆ 100ರಲ್ಲಿ ಮ್ಯಾಚ್ ಇಲ್ಲದ ಪರ್ಮಿಟ್, ಅದರಲ್ಲಿ ‘ಸೆಟ್ ಕಮ್ಯುನಿಟಿ 64500:200’. ಮುಖ್ಯ ಐಎಸ್‌ಪಿಗೆ ಲೋಕಲ್-ಪ್ರಿಫರೆನ್ಸ್ (ಒಂದೇ ಪ್ರೀಫಿಕ್ಸ್‌ಗೆ ಹಲವು ರೂಟ್ ಇದ್ದಾಗ ಆರಿಸಲು ನಾವು ಕೊಡುವ ಅಂಕ) 100, ಬ್ಯಾಕಪ್‌ಗೆ 90. ಹೆಚ್ಚಿನ ಸಂಖ್ಯೆ ಗೆಲ್ಲುತ್ತದೆ, ಏನೂ ಹೇಳದಿದ್ದರೆ 100. ಗ್ರಾಹಕರಿಗೆ 200 ಕೊಟ್ಟಿದ್ದಕ್ಕೂ ಕಾರಣವಿದೆ: ಅವರ ಪ್ರೀಫಿಕ್ಸ್ ಐಎಸ್‌ಪಿ ಮೂಲಕ ಕಂಡರೂ ನಾವು ನೇರ ಲಿಂಕನ್ನೇ ಆರಿಸಬೇಕು.

ಹೊರಗೆ ಕಳಿಸುವಾಗ

ಒಳಬರುವಾಗಲೇ ಗುರುತು ಬಿದ್ದಿರುವುದರಿಂದ ಇಲ್ಲಿ ಬರೆಯುವುದು ಕಡಿಮೆ. ನಮ್ಮ ಸ್ವಂತ ಪ್ರೀಫಿಕ್ಸ್‌ಗೆ ನೆಟ್‌ವರ್ಕ್ ಸಾಲಿನಲ್ಲೇ ಒಂದು ರೂಟ್-ಮ್ಯಾಪ್ ಜೋಡಿಸಿ 64500:1 ಹಾಕಿ, ಜೊತೆಗೆ 203.0.113.0/24ಕ್ಕೆ ನಲ್ (ಟ್ರಾಫಿಕ್ ಎಸೆದುಬಿಡುವ ಜಾಗ) ಕಡೆಗೊಂದು ಸ್ಟ್ಯಾಟಿಕ್ ರೂಟ್ ಇರಲಿ, ಇಲ್ಲದಿದ್ದರೆ ಒಳಗಿನ ಯಾವುದೋ ಇಂಟರ್‌ಫೇಸ್ ಬಿದ್ದಾಗ ಘೋಷಣೆಯೇ ಮಾಯವಾಗಬಹುದು.

ಬಿಜಿಪಿ ಕಮ್ಯುನಿಟಿ-ಲಿಸ್ಟ್ ಸ್ಟ್ಯಾಂಡರ್ಡ್ ಹೊರಡಲಿ ಪರ್ಮಿಟ್ 64500:1
ಬಿಜಿಪಿ ಕಮ್ಯುನಿಟಿ-ಲಿಸ್ಟ್ ಸ್ಟ್ಯಾಂಡರ್ಡ್ ಹೊರಡಲಿ ಪರ್ಮಿಟ್ 64500:100
ರೂಟ್-ಮ್ಯಾಪ್ ಐಎಸ್‌ಪಿ-ಹೊರಗೆ ಪರ್ಮಿಟ್ 10
 ಮ್ಯಾಚ್ ಕಮ್ಯುನಿಟಿ ಹೊರಡಲಿ

ಅಷ್ಟೇ. 64500:200ರ ಗುರುತಿನವು ಕಾಣದ ಡಿನೈಗೆ ಬೀಳುತ್ತವೆ, ಗುರುತೇ ಇಲ್ಲದವೂ ಬೀಳುತ್ತವೆ. ಹೊಸ ಗ್ರಾಹಕರು ಬಂದಾಗ ಒಳಬರುವ ಕಡೆ ಒಂದು ಪಟ್ಟಿ ಸೇರಿಸಿದರೆ ಸಾಕು, ಪ್ರತಿ ಐಎಸ್‌ಪಿಯ ಹೊರಹೋಗುವ ಫಿಲ್ಟರನ್ನು ತಿದ್ದುತ್ತ ಕೂರಬೇಕಿಲ್ಲ. ರೂಟರ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಐಬಿಜಿಪಿ (ನಮ್ಮದೇ ರೂಟರ್‌ಗಳ ನಡುವಿನ ಬಿಜಿಪಿ) ಸೆಷನ್‌ಗಳಲ್ಲಿ ಸೆಂಡ್-ಕಮ್ಯುನಿಟಿ ಇದೆಯೇ ನೋಡಿ. ಎಫ್‌ಆರ್‌ಆರ್‌ನಲ್ಲಿ ಅದು ತಾನಾಗಿಯೇ ಇರುತ್ತದೆ, ಸಿಸ್ಕೋ ಐಒಎಸ್‌ನಲ್ಲಿ ಬರೆಯಬೇಕು. ಮರೆತರೆ ಗುರುತು ದಾರಿಯಲ್ಲೇ ಕಳಚಿ, ಗ್ರಾಹಕರ ರೂಟ್ ಹೊರಗೆ ಹೋಗುವುದೇ ನಿಲ್ಲುತ್ತದೆ.

ಬ್ಯಾಕಪ್ ಐಎಸ್‌ಪಿಗೆ ಹೋಗುವ ಮ್ಯಾಪ್‌ನಲ್ಲಿ ‘ಸೆಟ್ ಎಎಸ್-ಪಾತ್ ಪ್ರೀಪೆಂಡ್ 64500 64500’ ಸೇರಿಸಿದರೆ ಆ ಪಥ ಉದ್ದವಾಗಿ ಕಂಡು ಒಳಬರುವ ಟ್ರಾಫಿಕ್ ಮುಖ್ಯ ಲಿಂಕಿನತ್ತ ವಾಲುತ್ತದೆ. ಎರಡು–ಮೂರು ಬಾರಿ ಸಾಕು. ಆಮೇಲೂ ಟ್ರಾಫಿಕ್ ಬರುತ್ತಲೇ ಇದ್ದರೆ ಹತ್ತು ಬಾರಿ ಸೇರಿಸಿಯೂ ಪ್ರಯೋಜನವಿಲ್ಲ: ಆ ಐಎಸ್‌ಪಿ ತನ್ನ ಗ್ರಾಹಕರಾದ ನಿಮಗೆ ಹೆಚ್ಚಿನ ಲೋಕಲ್-ಪ್ರಿಫರೆನ್ಸ್ ಕೊಟ್ಟಿರುತ್ತದೆ, ಪಥದ ಉದ್ದ ನೋಡುವುದು ಅದಾದ ಮೇಲೆ. ಲೋಕಲ್-ಪ್ರಿಫರೆನ್ಸ್ ತಗ್ಗಿಸುವ ಕಮ್ಯುನಿಟಿ ಆ ಐಎಸ್‌ಪಿಯಲ್ಲಿದ್ದರೆ ಅದೇ ಸರಿಯಾದ ಮದ್ದು. ಎಂಇಡಿ (ಯಾವ ಲಿಂಕಿನಿಂದ ಬರಬೇಕೆಂದು ನೆರೆಯವರಿಗೆ ಕೊಡುವ ಸೂಚನೆ) ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯವಾಗಿ ಅದನ್ನು ಹೋಲಿಸುವುದು ಒಂದೇ ನೆರೆಯ ಎಎಸ್‌ನಿಂದ ಬಂದ ರೂಟ್‌ಗಳ ನಡುವೆ ಮಾತ್ರ.

ಜಾರಿಗೆ ತರುವುದು, ಪರೀಕ್ಷಿಸುವುದು

ಚಾಲ್ತಿಯಲ್ಲಿರುವ ರೂಟ್-ಮ್ಯಾಪನ್ನು ಸಾಲು ಸಾಲಾಗಿ ತಿದ್ದಬೇಡಿ. ಎಫ್‌ಆರ್‌ಆರ್ ಬದಲಾವಣೆಯಾದ 5 ಸೆಕೆಂಡಿನಲ್ಲಿ ಅದನ್ನು ತಾನೇ ಜಾರಿ ಮಾಡುತ್ತದೆ, ನೀವು ಅರ್ಧ ಬರೆದ ಪಾಲಿಸಿಯೂ ಅದರಲ್ಲಿ ಸೇರಿತು. ಹೊಸ ಹೆಸರಿನಲ್ಲಿ ಪೂರ್ತಿ ಬರೆದು, ನೆರೆಯ ರೂಟರ್‌ನ ಒಂದೇ ಸಾಲನ್ನು ಹೊಸ ಹೆಸರಿಗೆ ತಿರುಗಿಸಿ. ಹಿಂದಕ್ಕೆ ಬರಬೇಕಾದರೂ ಒಂದೇ ಸಾಲು. ಐಒಎಸ್‌ನಲ್ಲಿ (ನೆರೆಯ ರೂಟರ್‌ನ ವಿಳಾಸ 192.0.2.9 ಎಂದುಕೊಳ್ಳಿ) ‘ಕ್ಲಿಯರ್ ಐಪಿ ಬಿಜಿಪಿ 192.0.2.9 ಸಾಫ್ಟ್ ಇನ್’ ಅಥವಾ ‘ಸಾಫ್ಟ್ ಔಟ್’ ಕೊಡಿ. ಇವೆರಡನ್ನೂ ಬಿಟ್ಟು ಬರಿಯ ವಿಳಾಸ ಕೊಟ್ಟರೆ ಸೆಷನ್ನೇ ಬಿದ್ದು ಏಳುತ್ತದೆ.

ತಿರುಗಿಸುವ ಮೊದಲೂ ಆಮೇಲೂ ‘ಶೋ ಐಪಿ ಬಿಜಿಪಿ ನೇಬರ್ಸ್ 192.0.2.9 ಅಡ್ವರ್ಟೈಸ್ಡ್-ರೂಟ್ಸ್’ ತೆಗೆದಿಟ್ಟು ಹೋಲಿಸಿ. ಐಎಸ್‌ಪಿ ಕಡೆಗೆ ಎರಡೇ ಪ್ರೀಫಿಕ್ಸ್ ಕಾಣಬೇಕು. ಮೂರನೆಯದು ಕಂಡರೆ ಹಳೆಯ ಮ್ಯಾಪ್‌ಗೆ ಮರಳಿ, ಆಮೇಲೆ ಕಾರಣ ಹುಡುಕಿ. ಒಳಬರುವ ಕಡೆ ‘ರೂಟ್ಸ್’ ತೋರಿಸುವುದು ಪಾಲಿಸಿ ದಾಟಿ ಬಂದದ್ದನ್ನು. ದಾಟುವ ಮುಂಚಿನದ್ದನ್ನು ‘ರಿಸೀವ್ಡ್-ರೂಟ್ಸ್’ ತೋರಿಸುತ್ತದೆ, ಆದರೆ ಅದಕ್ಕೆ ಸಾಫ್ಟ್-ರೀಕಾನ್ಫಿಗರೇಷನ್ ಇನ್‌ಬೌಂಡ್ ಹಾಕಿರಬೇಕು. ಪೂರ್ತಿ ಟೇಬಲ್ ಕಳಿಸುವ ಐಎಸ್‌ಪಿಗೆ ಅದನ್ನು ಕಾಯಂ ಇಟ್ಟರೆ ಮೆಮೊರಿ ವ್ಯರ್ಥ, ಗ್ರಾಹಕರ ಸೆಷನ್‌ಗೆ ಇಡಬಹುದು. ಎಫ್‌ಆರ್‌ಆರ್‌ನ ‘ಶೋ ರೂಟ್-ಮ್ಯಾಪ್’ ಪ್ರತಿ ಸಂಖ್ಯೆ ಎಷ್ಟು ಬಾರಿ ಬಳಕೆಯಾಯಿತೆಂದೂ ಹೇಳುತ್ತದೆ. ಬೋಗನ್ ಸಾಲು ಸೊನ್ನೆಯಲ್ಲಿದ್ದರೆ ಸರಿಯಿರಬಹುದು, ಸಂಖ್ಯೆ 100 ಸೊನ್ನೆಯಲ್ಲಿದ್ದರೆ ಮೇಲಿನ ಯಾವುದೋ ಡಿನೈ ಎಲ್ಲವನ್ನೂ ನುಂಗುತ್ತಿದೆ.

ಇದೇ ತಂತ್ರ ಓಎಸ್‌ಪಿಎಫ್ (ಜಾಲದ ಒಳಗಿನ ರೂಟಿಂಗ್ ಪ್ರೋಟೋಕಾಲ್) ಮತ್ತು ಬಿಜಿಪಿ ನಡುವೆ ಎರಡು ರೂಟರ್‌ಗಳಲ್ಲಿ ರೀಡಿಸ್ಟ್ರಿಬ್ಯೂಟ್ ಮಾಡುವಾಗಲೂ (ಒಂದರ ರೂಟ್‌ಗಳನ್ನು ಇನ್ನೊಂದಕ್ಕೆ ಹಾಕುವಾಗಲೂ) ಬೇಕು. ಅಲ್ಲಿ ಕಮ್ಯುನಿಟಿಯ ಬದಲು ಟ್ಯಾಗ್: ಬಿಜಿಪಿಯಿಂದ ಓಎಸ್‌ಪಿಎಫ್‌ಗೆ ಹಾಕುವಾಗ ‘ಸೆಟ್ ಟ್ಯಾಗ್ 64500’, ಓಎಸ್‌ಪಿಎಫ್‌ನಿಂದ ಬಿಜಿಪಿಗೆ ತರುವ ಮ್ಯಾಪ್‌ನ ಮೊದಲ ಸಾಲಿನಲ್ಲೇ ‘ಮ್ಯಾಚ್ ಟ್ಯಾಗ್ 64500’ ಆದವಕ್ಕೆ ಡಿನೈ. ಎರಡೂ ರೂಟರ್‌ಗಳಲ್ಲಿ ಎರಡೂ ಸಾಲು ಇರಬೇಕು. ಒಂದರಲ್ಲಿ ಬಿಟ್ಟರೂ ಒಂದು ರೂಟರ್ ಕೊಟ್ಟ ರೂಟ್ ಇನ್ನೊಂದರ ಮೂಲಕ ಬಿಜಿಪಿಗೆ ಮರಳಿ ಬರುತ್ತದೆ, ಅದೂ ಎಎಸ್-ಪಾತ್ ಕಳೆದುಕೊಂಡು, ನಮ್ಮದೇ ರೂಟ್ ಎಂಬ ವೇಷದಲ್ಲಿ.