ಕಿಟಕಿ ಮೇಲಿನ ಸಣ್ಣ ಪೈಪು

ರಜೆಗೆಂದು ಡಿಸೆಂಬರ್‌ನಲ್ಲಿ ಅಮೆರಿಕದಿಂದ ಕಲಬುರಗಿಗೆ ಬಂದಿದ್ದೆ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕಟ್ಟೆ ಮೇಲೆ ಕೂತಾಗ ನ್ಯೂಜೆರ್ಸಿಯಿಂದ ಫೋನು. ಶಹಾಪುರದ ಹುಡುಗ, ಹೋದ ವರ್ಷವಷ್ಟೇ ಅಲ್ಲಿ ಟೌನ್‌ಹೌಸ್ ಕೊಂಡವನು. "ಕಾಕಾ, ಬೆಡ್‌ರೂಮ್ ಕಿಟಕಿ ಮ್ಯಾಲ ಐಸಿನ ಕೋಲು ಇಳಿಬಿದ್ದದ ನೋಡ್ರಿ, ಎಷ್ಟು ಛಂದ ಅದ!" ಫೋಟೊನೂ ಬಂತು. ನೋಡಿದ್ದೇ ನನ್ನ ಎದೆ ಧಸಕ್ಕೆಂದಿತು. ಏಳು ವರ್ಷದ ಹಿಂದೆ ಅಂಥದ್ದೇ ಫೋಟೊ ತೆಗೆದು ನಾನೂ ಮನೆಯವರಿಗೆಲ್ಲ ಕಳಿಸಿದ್ದೆ. ಆ ಫೋಟೊ ನನಗೆ 2,300 ಡಾಲರ್‌ಗೆ ಬಿತ್ತು.

ಥರ್ಮೋಸ್ಟಾಟ್ ಎಷ್ಟಕ್ಕಿಡಬೇಕು ಎನ್ನುವುದನ್ನೆಲ್ಲ ಬಿಡುತ್ತೇನೆ, ಅದು ಎರಡೇ ದಿನದಲ್ಲಿ ತಿಳಿಯುತ್ತದೆ. ಹೇಳಬೇಕಾದದ್ದು ಅಡ್ಡ ಮಲಗಿಸಿದ ಫರ್ನೇಸ್ ಬಗ್ಗೆ, ಅಂದರೆ ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿಗಾಳಿ ಕೊಡುವ ಯಂತ್ರ. ನೆಲಮಾಳಿಗೆ ಇಲ್ಲದ ಮನೆ, ಜಾಗ ಸಾಲದ ಮನೆಗಳಲ್ಲಿ ಬೀರುವಿನಂತೆ ನಿಲ್ಲಬೇಕಾದ ಫರ್ನೇಸನ್ನು ಅಟ್ಟದಲ್ಲೋ, ನೆಲದಡಿಯ ಕ್ರಾಲ್ ಸ್ಪೇಸಿನಲ್ಲೋ ಮಲಗಿಸಿಬಿಡುತ್ತಾರೆ. ಒಂದು ತುದಿಯಿಂದ ತಣ್ಣನೆ ಗಾಳಿ ಒಳಗೆ, ಇನ್ನೊಂದು ತುದಿಯಿಂದ ಬಿಸಿಗಾಳಿ ಹೊರಗೆ. ಮನೆಯೊಳಗೆ ಒಂದಡಿ ಜಾಗವೂ ಹೋಗುವುದಿಲ್ಲ. ಆದರೆ ಕಣ್ಣಿಗೇ ಬೀಳದ್ದನ್ನು ನೋಡಿಕೊಳ್ಳುವವರು ಯಾರು?

ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಮೇಲಿನ ಬಾಣ ಗಾಳಿ ಹೋಗುವ ದಿಕ್ಕಿಗಿರಲಿ. ಅಟ್ಟದಲ್ಲಿ ಫರ್ನೇಸ್ ಪಕ್ಕ ಲೈಟಿನ ಸ್ವಿಚ್ಚಿನಂಥದ್ದೇ ಒಂದು ಸ್ವಿಚ್ ಇರುತ್ತದೆ, ಅದು ಫರ್ನೇಸಿನದು. ಹುಮನಾಬಾದಿನವರೊಬ್ಬರು ಸೂಟ್‌ಕೇಸ್ ಇಟ್ಟು ಇಳಿಯುವಾಗ ನಮ್ಮ ರೂಢಿಯಂತೆ "ಲೈಟ್" ಆರಿಸಿ ಬಂದರು. ರಾತ್ರಿಯಿಡೀ ನಡುಗಿ, ಭಾನುವಾರದ ದರ ಕೊಟ್ಟು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಒಂದು ಬೆರಳಲ್ಲಿ ಕೆಲಸ ಮುಗಿಸಿ ಹೋದ.

ಈಗ ನೀರಿನ ವಿಷಯ. ಬೆಂಕಿಯಿಂದ ನೀರು ಬರುತ್ತದೆ ಎಂದರೆ ನಮ್ಮವರು ನಗುತ್ತಾರೆ, ನಾನೂ ನಕ್ಕವನೇ. ಗ್ಯಾಸ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. 80 ಪರ್ಸೆಂಟ್ ಫರ್ನೇಸ್, ಅಂದರೆ ಗ್ಯಾಸಿನ ಶಾಖದಲ್ಲಿ ನೂರಕ್ಕೆ 80 ಪಾಲು ಮನೆಗೆ ಕೊಡುವಂಥದ್ದು, ಆ ಆವಿಯನ್ನು ಬಿಸಿಯಿದ್ದಂತೆಯೇ ತಗಡಿನ ಕೊಳವೆಯಿಂದ ಹೊರಗೆ ಬಿಡುತ್ತದೆ. 90 ದಾಟಿದ್ದು ಜಿಪುಣ, ಹೊಗೆಯಲ್ಲಿ ಉಳಿದ ಶಾಖವನ್ನೂ ಹಿಂಡಿಕೊಳ್ಳುತ್ತದೆ. ಹೊಗೆ ತಣ್ಣಗಾಗಿ ಆವಿ ನೀರಾಗುತ್ತದೆ, ಕಡು ಚಳಿಯ ದಿನ ಹತ್ತಿರ ಹತ್ತಿರ ಒಂದು ಬಕೆಟ್. ಅದೂ ಹುಳಿ ನೀರು, ಲೋಹ ತಿನ್ನುವಂಥದ್ದು. ಹೊಗೆಯ ಕೊಳವೆ ಬಿಳಿ ಪ್ಲಾಸ್ಟಿಕ್ಕಿನದಾಗಿದ್ದರೆ ನಿಮ್ಮದು ನೀರು ಬಿಡುವ ಜಾತಿ ಎಂದು ತಿಳಿಯಿರಿ.

ಆ ನೀರು ಟ್ರ್ಯಾಪ್, ಅಂದರೆ ಸ್ವಲ್ಪ ನೀರು ನಿಲ್ಲಿಸಿಕೊಂಡು ಗಾಳಿ ತಡೆಯುವ ಬಾಗಿದ ಕೊಳವೆ, ದಾಟಿ ಸಣ್ಣ ಪೈಪಿನಲ್ಲಿ ಮೋರಿಗೆ ಹೋಗಬೇಕು. ನಮ್ಮ ಮನೆಯಲ್ಲಿ ಲೋಳೆ ಕಟ್ಟಿ ಪೈಪು ಮುಚ್ಚಿಹೋಗಿತ್ತು. ನೀರು ಫರ್ನೇಸಿನ ಕೆಳಗಿಟ್ಟ ಅಗಲ ತಟ್ಟೆಗೆ ಬಂತು. ತಟ್ಟೆಗೆ ಇನ್ನೊಂದು ಪೈಪು ಇತ್ತು, ಅದರ ಬಾಯಿ ಬೇಕೆಂದೇ ಮನೆಯ ಹೊರಗೆ, ಕಿಟಕಿಯ ಮೇಲೆ. ಯಜಮಾನನ ಕಣ್ಣಿಗೆ ಬೀಳಲಿ, ಏನೋ ಕೆಟ್ಟಿದೆ ಎಂದು ಗೊತ್ತಾಗಲಿ ಎಂದೇ ಅಲ್ಲಿಡುತ್ತಾರೆ. ನನ್ನ ಕಣ್ಣಿಗೆ ಬಿತ್ತು, ಫೋಟೊನೂ ತೆಗೆದೆ! ಬ್ಯಾಸಿಗಿಯಲ್ಲಿ ಕೂಲರ್ ಸೋರಿದರೆ ಕೆಳಗೊಂದು ಬುಟ್ಟಿ ಇಟ್ಟು ಮಲಗುವ ಊರಿನವನು, ಹನಿ ನೀರಿಗೆ ಹೆದರುತ್ತೇನೆಯೇ? ಮೂರು ವಾರಕ್ಕೆ ಆ ಪೈಪಿನ ಬಾಯಿಯೂ ಹೆಪ್ಪುಗಟ್ಟಿತು. ತಟ್ಟೆ ತುಂಬಿ ಚೆಲ್ಲಿ, ಒಂದು ರಾತ್ರಿ ಛತ್ತಿನ ತುಂಡೊಂದು ನೆನೆದ ರೊಟ್ಟಿಯಂತೆ ಹಾಸಿಗೆ ಮೇಲೆ ಬಿತ್ತು. ಅಲ್ಲಿಯ ಛತ್ತು ಶಹಾಬಾದಿ ಕಲ್ಲಲ್ಲ, ಜಿಪ್ಸಮ್ ಹಲಗೆ.

ಇನ್ಶೂರೆನ್ಸ್‌ನವನು "ಎಷ್ಟು ದಿನದಿಂದ ಸೋರುತ್ತಿತ್ತು?" ಎಂದು ಕೇಳಿದ. ಮೂರು ವಾರ ಎಂದೆ. ಅಲ್ಲಿಗೆ ಮುಗಿಯಿತು. ಪೈಪು ತಟ್ಟನೆ ಒಡೆದರೆ ದುಡ್ಡು ಕೊಡುತ್ತಾರೆ, ನಿಧಾನಕ್ಕೆ ಸೋರಿದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಪಾಲಿಸಿ ಓದಿ, ಕೈಮುಗಿದು ಹೇಳುತ್ತೇನೆ.

ಚಳಿ ಶುರುವಾಗುವ ಮುಂಚೆ ಟ್ರ್ಯಾಪ್ ಬಿಚ್ಚಿ ತೊಳೆಸಿ. ತಣ್ಣನೆಯ ಅಟ್ಟದಲ್ಲಿ ಹಾಯುವ ಪೈಪಿಗೆ ಹೊದಿಕೆ ಸುತ್ತಿಸಿ. ತಟ್ಟೆಯಲ್ಲಿ ಫ್ಲೋಟ್ ಸ್ವಿಚ್ ಇದೆಯೇ ನೋಡಿ, ನಮ್ಮ ಟಾಕಿಯ ಬಾಲ್‌ಕಾಕಿನ ತಮ್ಮ ಅದು. ನೀರು ಏರಿದರೆ ಫರ್ನೇಸನ್ನೇ ನಿಲ್ಲಿಸುತ್ತದೆ. ಇಲ್ಲದಿದ್ದರೆ ಈ ವಾರವೇ ಹಾಕಿಸಿ. ನನ್ನನ್ನು ಕೇಳಿದರೆ, ಚಳಿ ಕಡಿಮೆಯಿರುವ ಟೆಕ್ಸಾಸಿನಂಥ ಕಡೆ ಅಟ್ಟಕ್ಕೆ 80 ಪರ್ಸೆಂಟಿನದೇ ವಾಸಿ. ನಾಲ್ಕು ಡಾಲರ್ ಗ್ಯಾಸ್ ಹೆಚ್ಚು ಹೋಗಲಿ, ಚಳಿಗಾಲದಲ್ಲಾದರೂ ತಲೆ ಮೇಲೆ ನೀರಿರುವುದಿಲ್ಲ. ಮಾರುವವರು ಒಪ್ಪುವುದಿಲ್ಲ, ಬಿಡಿ.

ಹುಡುಗನಿಗೆ ಫರ್ನೇಸ್ ಬಂದ್ ಮಾಡಿ ಅಟ್ಟ ಹತ್ತಲು ಹೇಳಿದೆ. "ತೊಲಿ ಮ್ಯಾಲೇ ಕಾಲಿಡು, ನಡುವ ಇಟ್ಟಿ ಅಂದ್ರ ಕೆಳಗಿನ ಖೋಲ್ಯಾಗ ಇಳೀತಿ." ಹತ್ತು ನಿಮಿಷಕ್ಕೆ ಮತ್ತೆ ಫೋನು. "ಕಾಕಾ, ತಟ್ಟಿ ತುಂಬ್ಯದ. ಅಂಚಿಗಿ ಒಂದ ಬೆರಳು ಉಳದದ."

"ತಂಬಿಗಿ ಅದ ಏನು ಮನ್ಯಾಗ?"

"ಅವ್ವ ಕೊಟ್ಟಿದ್ದು ಅದ."

"ಮತ್ತ ಏನ್ ನೋಡ್ತಿ, ಬಗ್ಗಿ ತೋಡು."