ಕಾಡಿಗೆ ಹೋಗುವ ಮೊದಲು ಟೆಂಟನ್ನು ತಾರಸಿ ಮೇಲೆ ಕಟ್ಟಿ ನೋಡಿ

ಮೊದಲ ಸಲ ನನ್ನದೇ ಟೆಂಟ್‌ನಲ್ಲಿ ಮಲಗಿದ್ದು ಸಕಲೇಶಪುರದ ಹತ್ತಿರ, ಪರಿಚಯದವರ ಕಾಫಿ ತೋಟದಲ್ಲಿ. ಅಕ್ಟೋಬರ್ ತಿಂಗಳು. ರಾತ್ರಿ ಹನ್ನೊಂದಕ್ಕೆ ಮಳೆ ಹಿಡಿಯಿತು. ಒಂದು ಗಂಟೆ ಹೊತ್ತಿಗೆ ಕಾಲಿಗೆ ತಣ್ಣಗೆ ಏನೋ ತಾಗಿತು. ಟಾರ್ಚ್ ಹಾಕಿ ನೋಡಿದೆ. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಆದರೆ ನೆಲದ ಅಂಚಿನ ಹೊಲಿಗೆಯುದ್ದಕ್ಕೂ ಸೂಜಿ ಚುಚ್ಚಿದ ಒಂದೊಂದು ತೂತಿನಲ್ಲೂ ಸಾಸಿವೆ ಕಾಳಿನಷ್ಟು ನೀರು ಮೂಡುತ್ತಿತ್ತು. ಮೂಡುವುದು, ದಪ್ಪಗಾಗುವುದು, ಉರುಳುವುದು. ಬೆಳಗಿನ ಹೊತ್ತಿಗೆ ಹೊದಿಕೆ ಹಿಂಡುವ ಹಾಗಾಗಿತ್ತು. ಬಟ್ಟೆ ವಾಟರ್‌ಪ್ರೂಫ್ ಆಗಿತ್ತು, ಹೊಲಿಗೆ ಆಗಿರಲಿಲ್ಲ.

ಕ್ಯಾಂಪಿಂಗ್ ಸಾಮಾನು ಕೊಳ್ಳಲು ಹೋದರೆ ಅಂಗಡಿಯವರು ಚಳಿಯ ಬಗ್ಗೆಯೇ ಹೇಳುತ್ತಾರೆ. ಹಿಮಾಲಯಕ್ಕೆ ಹೋಗುವವರಿಗೆ ಅದು ಸರಿ. ನಮ್ಮ ಪಶ್ಚಿಮ ಘಟ್ಟದಲ್ಲಿ ನಿದ್ದೆ ಕೆಡಿಸುವುದು ಚಳಿಗಿಂತ ಜಾಸ್ತಿ ತೇವ. ಸಾಮಾನನ್ನು ಹಾಳು ಮಾಡುವುದೂ ಅದೇ. ಆದ್ದರಿಂದ ಏನೇ ಕೊಳ್ಳುವಾಗಲೂ ಒದ್ದೆಯಾದರೆ ಇದರ ಗತಿ ಏನು ಅಂತ ಮೊದಲು ಕೇಳಿಕೊಳ್ಳಿ.

ಹಂತ 1: ಎಲ್ಲಿಗೆ, ಹೇಗೆ?

ಕಾರು ಟೆಂಟ್ ಪಕ್ಕದವರೆಗೂ ಹೋಗುತ್ತದಾ, ಅಥವಾ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಬೇಕಾ? ಕಾರಾದರೆ ತೂಕದ ಯೋಚನೆ ಬಿಡಿ, ದೊಡ್ಡದನ್ನೇ ತಗೊಳ್ಳಿ. ನಡೆಯುವುದಾದರೆ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಮಾತು. ಕಾಡಿನೊಳಗೆ ಮನಸ್ಸು ಬಂದಲ್ಲಿ ಟೆಂಟ್ ಹಾಕುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಟೆಂಟ್ ಹಾಕುವುದು ಹೋಂಸ್ಟೇ ಅಂಗಳದಲ್ಲೋ, ತೋಟದಲ್ಲೋ. ವರ್ಷಕ್ಕೆ ಒಂದೇ ಸಲ ಹೋಗುವವರಾದರೆ ಬಾಡಿಗೆಗೆ ತಗೊಳ್ಳಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿವೆ.

ಹಂತ 2: ಟೆಂಟ್

ಎರಡು ಪದರದ್ದನ್ನೇ ಕೊಳ್ಳಿ. ಒಳಗೆ ಸೊಳ್ಳೆಪರದೆಯಂಥ ಬಟ್ಟೆ, ಅದರ ಮೇಲೆ ಬೇರೆಯಾಗಿ ಮಳೆಹೊದಿಕೆ. ರಾತ್ರಿಯಿಡೀ ನಾವು ಬಿಡುವ ಉಸಿರಿನಲ್ಲಿ ನೀರಿನ ಆವಿ ಇರುತ್ತದೆ. ತಣ್ಣಗಿನ ಬಟ್ಟೆಗೆ ತಾಗಿ ಅದು ಹನಿಯಾಗುತ್ತದೆ. ಒಂದೇ ಪದರ ಇದ್ದರೆ ಆ ಹನಿ ನೇರ ನಿಮ್ಮ ಮುಖಕ್ಕೆ. ಎರಡು ಪದರ ಇದ್ದರೆ ಹೊರಹೊದಿಕೆಯ ಒಳಮೈಯಲ್ಲೇ ಇಳಿದು ನೆಲ ಸೇರುತ್ತದೆ. ಟೆಂಟ್ ಸೋರುತ್ತಿದೆ ಅಂತ ದೂರುವವರಲ್ಲಿ ಎಷ್ಟೋ ಜನ ಕಂಡಿರುವುದು ತಮ್ಮದೇ ಉಸಿರಿನ ನೀರನ್ನು. ಅದಕ್ಕೇ ಮೇಲೆ ಗಾಳಿಕಿಂಡಿ ಇದೆಯೇ ನೋಡಿ, ಮಳೆ ಬಂದರೂ ಅದನ್ನು ಪೂರ್ತಿ ಮುಚ್ಚಬೇಡಿ.

ಲೇಬಲ್ ಮೇಲೆ 2000 ಮಿ.ಮೀ., 3000 ಮಿ.ಮೀ. ಅಂತ ಬರೆದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ, ಹಾಗಾದರೆ 3000 ಸಾಲದಲ್ಲ ಅಂತ ಗೆಳೆಯರೊಬ್ಬರು ಗಾಬರಿಯಾಗಿದ್ದರು. ಅದು ಮಳೆಯ ಲೆಕ್ಕ ಅಲ್ಲ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದವರೆಗೆ ಜಿನುಗದೆ ತಡೆಯುತ್ತದೆ ಅನ್ನುವ ಅಳತೆ. ಮೇಲಿನ ಹೊದಿಕೆಗೆ 2000 ಸಾಕು, ಮಲೆನಾಡಿನ ಮಳೆಗೆ 3000 ಇದ್ದರೆ ನಿಶ್ಚಿಂತೆ. ನೆಲಕ್ಕೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಮಂಡಿಯೂರಿ ಕೂತಾಗ ನಮ್ಮ ತೂಕವೇ ನೀರನ್ನು ಒಳಕ್ಕೆ ಒತ್ತುತ್ತದೆ.

ಈಗ ಹೊಲಿಗೆ. ಹೊದಿಕೆಯನ್ನು ಒಳಮಗ್ಗುಲು ಮಾಡಿ ಬೆಳಕಿಗೆ ಹಿಡಿಯಿರಿ. ಹೊಲಿಗೆಯ ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿರಬೇಕು. ಮೂಲೆಗಳಲ್ಲಿ ಅದು ಎದ್ದಿರಬಾರದು. ಪಟ್ಟಿಯೇ ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ. ನೆಲದ ಬಟ್ಟೆ ನಾಲ್ಕು ಬದಿಯೂ ತಟ್ಟೆಯ ಅಂಚಿನಂತೆ ಒಂದು ಗೇಣಾದರೂ ಮೇಲೆದ್ದಿರಲಿ.

ಕೋಲುಗಳಲ್ಲಿ ಎರಡು ಬಗೆ. ಫೈಬರ್‌ಗ್ಲಾಸ್ ಅಗ್ಗ, ಆದರೆ ಸೀಳುತ್ತದೆ, ಸಿಬಿರು ಕೈಗೆ ಚುಚ್ಚುತ್ತದೆ. ಅಲ್ಯೂಮಿನಿಯಂ ಹಗುರ. ಬಾಗಿದರೂ ಎಷ್ಟೋ ಸಲ ಕೈಯಲ್ಲೇ ನೆಟ್ಟಗೆ ಮಾಡಿ ರಾತ್ರಿ ಕಳೆಯಬಹುದು. ಬೆಟ್ಟದ ಬೋಳು ನೆತ್ತಿಯ ಗಾಳಿಗೆ ಟೆಂಟ್ ಕಟ್ಟುವವರು ಇಲ್ಲಿ ದುಡ್ಡು ಉಳಿಸಬೇಡಿ. ಜಿಪ್ಪನ್ನು ಅಂಗಡಿಯಲ್ಲೇ ಹತ್ತು ಸಲ ಎಳೆದು ನೋಡಿ, ಅದೂ ಒಂದೇ ಕೈಯಲ್ಲಿ. ಬಾಗಿಲು ತಿರುಗುವ ಕಡೆ ಬಟ್ಟೆ ಕಚ್ಚಿಕೊಂಡರೆ ಮುಂದೆ ಅಲ್ಲೇ ಹಾಳಾಗುವುದು.

ಇಬ್ಬರ ಟೆಂಟ್ ಅಂದರೆ ತಲೆಗೆ ಸುಮಾರು ಎರಡು ಅಡಿ ಅಗಲ. ಹೆಚ್ಚುಕಡಿಮೆ ರೈಲಿನ ಬರ್ತ್‌ನಷ್ಟು. ಬ್ಯಾಗಿಗೆ, ಶೂಗೆ ಜಾಗ ಇಲ್ಲ. ಇಬ್ಬರಿಗೆ ಮೂವರದ್ದು, ಮಕ್ಕಳಿರುವ ಮನೆಗೆ ನಾಲ್ವರದ್ದು ಸರಿಹೋಗುತ್ತದೆ.

ಹಂತ 3: ಕೆಳಗೆ ಏನು ಹಾಸುತ್ತೀರಿ?

ಹೆಚ್ಚಿನವರು ಎಡವುವುದು ಇಲ್ಲಿ. ಹೊದಿಕೆಗೆ ದುಡ್ಡು ಸುರಿದು ಹಾಸಿಗೆಗೆ ಒಂದು ಚಾಪೆ ಸಾಕು ಅನ್ನುತ್ತಾರೆ. ಮೈಯ ಬಿಸಿಯನ್ನು ಎಳೆದುಕೊಳ್ಳುವುದು ನೆಲ. ಮಲಗಿದಾಗ ಹೊದಿಕೆಯ ಕೆಳಭಾಗ ಮೈಭಾರಕ್ಕೆ ಚಪ್ಪಟೆಯಾಗಿ ಬಿಸಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಇರುತ್ತದೆ. ಹೆಚ್ಚಿದ್ದಷ್ಟೂ ನೆಲದ ತಂಪು ಕಡಿಮೆ ತಾಗುತ್ತದೆ. ನಮ್ಮ ಬೆಟ್ಟಗಳಿಗೆ 2 ಸಾಕು. ಮಡಚುವ ಫೋಮ್ ಮ್ಯಾಟ್ ಪಂಕ್ಚರ್ ಆಗುವುದಿಲ್ಲ, ನೀರು ಹೀರುವುದಿಲ್ಲ, ವರ್ಷಗಟ್ಟಲೆ ಬರುತ್ತದೆ. ಆದರೆ ಗಟ್ಟಿ. ಮಗ್ಗುಲಲ್ಲಿ ಮಲಗುವವರಿಗೆ, ಸೊಂಟ ನೋವಿರುವವರಿಗೆ ಗಾಳಿ ತುಂಬುವ ಮ್ಯಾಟೇ ಸುಖ, ಒಂದು ಮುಳ್ಳಿಗೆ ಅದರ ಕಥೆ ಮುಗಿಯುತ್ತದಾದರೂ. ಪಂಕ್ಚರ್ ಪಟ್ಟಿ ಜೊತೆಗಿರಲಿ. ಅಂಗಡಿಯಲ್ಲಿ ಸಂಕೋಚ ಬಿಟ್ಟು ಐದು ನಿಮಿಷ ಮಗ್ಗುಲಾಗಿ ಮಲಗಿ. ಸೊಂಟದ ಮೂಳೆ ನೆಲಕ್ಕೆ ತಾಗಿದರೆ ಅದು ನಿಮಗಲ್ಲ.

ಹಂತ 4: ಸ್ಲೀಪಿಂಗ್ ಬ್ಯಾಗ್

ಮೇಲೆ ಎರಡು-ಮೂರು ಉಷ್ಣಾಂಶ ಬರೆದಿರುತ್ತಾರೆ. ಕಂಫರ್ಟ್ ಅನ್ನುವುದನ್ನು ಮಾತ್ರ ನಂಬಿ. ಎಕ್ಸ್‌ಟ್ರೀಮ್ ಅಂದರೆ ಸುಖವಾಗಿ ನಿದ್ದೆ ಬರುವ ಮಟ್ಟ ಅಲ್ಲ, ಜೀವ ಹೇಗೋ ಉಳಿಯುವ ಮಟ್ಟ. ಕಂಫರ್ಟ್ 10 ಡಿಗ್ರಿ ಇದ್ದರೆ ನಮ್ಮ ಕಡೆಯ ಹೆಚ್ಚಿನ ರಾತ್ರಿಗಳು ಆರಾಮಾಗಿ ಕಳೆಯುತ್ತವೆ. ಡಿಸೆಂಬರ್, ಜನವರಿಗೆ 5 ಇದ್ದರೆ ಒಳ್ಳೆಯದು.

ಹಕ್ಕಿಯ ತುಪ್ಪುಳದ್ದು ಹಗುರ, ಬೆಚ್ಚಗೆ ನಿಜ. ಆದರೆ ಒದ್ದೆಯಾದರೆ ಮುದ್ದೆಯಾಗಿ ಬಿಸಿ ಬಿಟ್ಟುಬಿಡುತ್ತದೆ. ಮಲೆನಾಡಿಗೆ ಸಿಂಥೆಟಿಕ್ ಸಾಕು, ಬೇಗ ಒಣಗುತ್ತದೆ. ಇನ್ನು ಕಾರಿನಲ್ಲಿ ಹೋಗುವವರು ಮನೆಯಲ್ಲಿರುವ ಉಣ್ಣೆ ಕಂಬಳಿಯನ್ನು ಮರೆಯಬೇಡಿ. ಕಂಬಳಿಕೊಪ್ಪೆ ಹೊದ್ದು ಸುರಿಯುವ ಮಳೆಯಲ್ಲೇ ಗದ್ದೆ ಕೆಲಸ ಮಾಡಿದ ನಮ್ಮ ಹಿರಿಯರಿಗೆ, ಉಣ್ಣೆ ಒದ್ದೆಯಾದರೂ ಮೈ ಬೆಚ್ಚಗಿಡುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಹಂತ 5: ಉಳಿದ ಸಾಮಾನು

ಬೆನ್ನಿಗೆ ಹಾಕುವ ಬ್ಯಾಗಿನ ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ಅಂಗಡಿಯಲ್ಲೇ ಏಳೆಂಟು ಕಿಲೋ ತುಂಬಿಸಿ, ಸೊಂಟಪಟ್ಟಿ ಬಿಗಿದು, ಹತ್ತು ನಿಮಿಷ ನಡೆದು ನೋಡಿ. ಕೈಯಲ್ಲಿ ಹಿಡಿಯುವ ಟಾರ್ಚ್‌ಗಿಂತ ತಲೆಗೆ ಕಟ್ಟುವುದು ವಾಸಿ, ಕತ್ತಲಲ್ಲಿ ಟೆಂಟ್ ಕಟ್ಟಲು ಎರಡೂ ಕೈ ಬೇಕಲ್ವಾ. ಮಳೆಗಾಲದಲ್ಲಿ ಉಂಬಳದ ಕಾಟಕ್ಕೆ ಮೊಣಕಾಲವರೆಗೆ ಬರುವ ಒತ್ತುನೇಯ್ಗೆಯ ಕಾಲುಚೀಲ ಇರಲಿ.

ಹಂತ 6: ತಾರಸಿ ಪರೀಕ್ಷೆ

ತಂದ ವಾರದಲ್ಲೇ ಟೆಂಟನ್ನು ತಾರಸಿ ಮೇಲೆ ಕಟ್ಟಿ. ಗೂಟ ಹೊಡೆಯಲು ಆಗುವುದಿಲ್ಲ, ಹಗ್ಗಗಳನ್ನು ನೀರು ತುಂಬಿದ ಕ್ಯಾನಿಗೋ ಹೂಕುಂಡಕ್ಕೋ ಕಟ್ಟಿ. ಪೈಪಿನಿಂದ ಹದಿನೈದು ನಿಮಿಷ ಮೇಲಿನಿಂದ ನೀರು ಬಿಡಿ. ಒಳಗೆ ಕೂತು ಹೊಲಿಗೆಗಳ ಮೇಲೆ ಒಣ ಟಿಶ್ಯೂ ಪೇಪರ್ ಎಳೆಯಿರಿ, ಎಲ್ಲಿ ಒದ್ದೆಯಾಗುತ್ತದೋ ಅಲ್ಲಿ ಚಾಕ್‌ಪೀಸ್‌ನಿಂದ ಗುರುತು ಮಾಡಿ. ಒಣಗಿದ ಮೇಲೆ ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟು, ಹಚ್ಚಿ ಒಂದು ದಿನ ಬಿಡಿ. ನನ್ನ ಆ ಟೆಂಟ್ ಹೀಗೇ ಸರಿಹೋಯಿತು. ಆಮೇಲೆ ಒಂದು ರಾತ್ರಿ ಮನೆಯವರೆಲ್ಲ ಅದರಲ್ಲೇ ಮಲಗಿ. ಏನೇನು ಬೇಕು, ಏನು ಬೇಡ ಅಂತ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.

ಟೆಂಟ್ ಕೆಳಗೆ ಟಾರ್ಪಾಲ್ ಹಾಸುವುದಾದರೆ ಅದು ಟೆಂಟ್ ನೆಲಕ್ಕಿಂತ ಚಿಕ್ಕದಿರಲಿ. ಅಂಚು ಹೊರಗೆ ಚಾಚಿದ್ದರೆ ಮಳೆನೀರು ಅದರ ಮೇಲೆ ಬಿದ್ದು ಟೆಂಟ್ ಅಡಿಗೇ ಹರಿಯುತ್ತದೆ.

ಹಂತ 7: ವಾಪಸ್ ಬಂದ ಮೇಲೆ

ಒದ್ದೆ ಟೆಂಟನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೆಚ್ಚಿನ ಟೆಂಟ್‌ಗಳ ಒಳಮೈಗೆ ನೀರು ತಡೆಯುವ ಪಾಲಿಯುರೆಥೇನ್ ಲೇಪ ಇರುತ್ತದೆ. ತೇವ ಮತ್ತು ಸೆಕೆಗೆ ಅದು ನಿಧಾನವಾಗಿ ಒಡೆದು ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ, ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಆ ಹಂತಕ್ಕೆ ಹೋದರೆ ರಿಪೇರಿ ಇಲ್ಲ. ಬಂದ ದಿನವೇ ನೆರಳಲ್ಲಿ ಹಗ್ಗದ ಮೇಲೆ ಹರವಿ, ಹೊಲಿಗೆಗಳೂ ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಮಡಚಿಡಿ. ವಾಷಿಂಗ್ ಮೆಷಿನ್‌ಗೆ ಹಾಕಲೇಬೇಡಿ, ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಸಾಕು. ಸ್ಲೀಪಿಂಗ್ ಬ್ಯಾಗನ್ನು ಅದರ ಪುಟ್ಟ ಚೀಲದಲ್ಲಿ ತುರುಕಿ ತಿಂಗಳುಗಟ್ಟಲೆ ಇಡಬೇಡಿ. ಒಳಗೆ ತುಂಬಿದ್ದು ಚಪ್ಪಟೆಯಾಗುತ್ತದೆ. ಹಳೆಯ ದಿಂಬಿನ ಕವರ್ ಒಂದಕ್ಕೆ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಒಮ್ಮೆ ಹೊರಗೆ ತೆಗೆದು ಗಾಳಿಗೆ ಹಾಕಿ.